ಗೌಡರು ಎದ್ದುಹೋದ ರೀಲು

ಹೋದ ಮಳೆಗಾಲದಲ್ಲಿ ಹುಣಸೂರಿನ ನೆಂಟರ ಮನೆಯಲ್ಲಿ ಗೃಹಪ್ರವೇಶವಿತ್ತು. ಪಂಕ್ತಿಯಲ್ಲಿ ಕೂತಿದ್ದಾಗ ಒಂದು ಹದ ಮಳೆ ಹುಯ್ದು ನಿಂತಿತು. ಅದರ ಬೆನ್ನಿಗೇ ಬಿಸಿಲು. ತಲೆಯ ಮೇಲೆ ಕಟ್ಟಿದ್ದ ದಪ್ಪ ಬಟ್ಟೆಯ ಶಾಮಿಯಾನ ನೆನೆದು, ಬಿಸಿಲಿಗೆ ಕಾದು, ಒಂದು ವಾಸನೆ ಬಿಟ್ಟಿತು ನೋಡಿ! ಪಾಯಸಕ್ಕೆ ಹೋದ ಕೈ ಅಲ್ಲೇ ನಿಂತಿತು. ಪಕ್ಕದಲ್ಲಿದ್ದವರು, "ಯಾಕ್ರೀ, ಸಿಹಿ ಹೆಚ್ಚಾಯ್ತಾ?" ಎಂದರು. ಅವರಿಗೆ ಏನು ಹೇಳಲಿ? ಎಪ್ಪತ್ತರ ದಶಕದ ಶುರುವಿನ ಒಂದು ಬೇಸಿಗೆಯನ್ನು, ಒಂದು ಸಿನಿಮಾ ಟೆಂಟನ್ನು, ಊರಿಗೆ ಊರೇ ಬಾಯಿ ತೆರೆದುಕೊಂಡು ಕೂತದ್ದನ್ನು ಪಾಯಸ ಆರುವುದರೊಳಗೆ ಹೇಳಿ ಮುಗಿಸುವುದಕ್ಕಾಗುತ್ತದೆಯೇ?

ಆ ವರ್ಷ ನನಗೆ ಮೊದಲನೆಯ ಪೋಸ್ಟಿಂಗ್. ಕಟ್ಟೆಮಳಲವಾಡಿ ದಾಟಿ ಇನ್ನಷ್ಟು ದೂರ ಹೋದರೆ ಸಿಗುವ ಊರು. ಹೆಸರು ಹೇಳುವುದಿಲ್ಲ, ಹೇಳಿದರೆ ಈಗಲೂ ಅಲ್ಲಿ ಮುನಿಸಿಕೊಳ್ಳುವವರಿದ್ದಾರೆ. ನಾನು ಕೃಷ್ಣರಾಜನಗರದ ಕಡೆಯವಳು. ಅಜ್ಜಿಯ ಬಾಯಲ್ಲಿ ಅದೇ ಹಳ್ಳಿಮಾತು ಕೇಳಿಕೊಂಡು ಬೆಳೆದವಳಾದ್ದರಿಂದ ಆ ಊರಿನ ಹೆಂಗಸರ ಜೊತೆ ಬೆರೆಯಲು ನನಗೆ ಹೊತ್ತು ಹಿಡಿಯಲಿಲ್ಲ. ಹೊಸದಾಗಿ ಶುರುವಾಗಿದ್ದ ಹೈಸ್ಕೂಲಿನಲ್ಲಿ ನಾನೊಬ್ಬಳೇ ಹೆಣ್ಣು ಟೀಚರು. ಶಾಲೆಯ ಕಮಿಟಿಗೆ ಅಧ್ಯಕ್ಷರು ನಂಜೇಗೌಡರು. ಅವರ ಮನೆಯ ಹೊರಕೋಣೆಯಲ್ಲೇ ನನ್ನ ವಾಸ.

ಗೌಡರ ಮಗಳು ಸರೋಜ ಹತ್ತನೇ ತರಗತಿಯಲ್ಲಿದ್ದಳು. ಆ ಊರಿನಲ್ಲಿ ಹೆಣ್ಣುಮಕ್ಕಳು ಏಳನೆಯ ತರಗತಿಗೇ ಪುಸ್ತಕ ಕಟ್ಟಿಡುತ್ತಿದ್ದ ಕಾಲ. ಹಟ ಹಿಡಿದು ಇಲ್ಲಿಯವರೆಗೆ ಬಂದ ಹುಡುಗಿ ಅವಳು. ಗೌಡರು ಓದಿಸಿದರೆಂದು ಉಳಿದವರೂ ತಮ್ಮ ಹುಡುಗಿಯರನ್ನು ಕಳಿಸತೊಡಗಿದ್ದರು. ಹುಣಸೂರಿಗೆ ಹೋಗಿ ಪಬ್ಲಿಕ್ ಪರೀಕ್ಷೆ ಬರೆದು ಬಂದರೆ ಟೀಚರ್ ಟ್ರೈನಿಂಗಿಗೆ ಸೇರಿಸುತ್ತೇನೆಂದು ಗೌಡರು ಮಗಳಿಗೆ ಮಾತು ಕೊಟ್ಟಿದ್ದರು. "ಮೇಡಂ, ಲೆಕ್ಕ ಒಂದು ದಾಟ್ಬುಟ್ರೆ ಸಾಕು ಕಣ್ರೀ," ಎಂದು ಬೆಳಿಗ್ಗೆ ಸೆಗಣಿ ಬಾಚುತ್ತಲೇ ಸೂತ್ರ ಒಪ್ಪಿಸುವವಳು ಅವಳು.

ಮಾಘ ಕಳೆದು ಬಿಸಿಲು ಏರುತ್ತಿತ್ತು. ರಾಗಿ ಒಕ್ಕಣೆ ಮುಗಿದು ಕಣಗಳು ಬಯಲಾಗಿದ್ದವು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳ ಬಾಗಿಲು ಹಾಕಿತ್ತು. ಆದರೂ ಸಂಜೆಯ ಗಾಳಿಗೆ ಅದರ ಸಿಹಿಗಾರದ ಘಾಟು ಇನ್ನೂ ಬರುತ್ತಿತ್ತು. ಆಗ ಬಂತು ಟೆಂಟು. ಖಾದರ್ ಸಾಬರು ಅದರ ಮ್ಯಾನೇಜರು; ಬಿಳಿ ಪೈಜಾಮ, ಬಾಯಿ ತುಂಬ ಎಲೆಯಡಿಕೆ, ಯಾರು ಎದುರು ಬಂದರೂ ಕೈಯೆತ್ತಿ ಸಲಾಮು. ಶಾಲೆಯ ಕಟ್ಟಡಕ್ಕೆ ಹೆಂಚು ಹೊದಿಸಬೇಕಾಗಿತ್ತು. "ಇಸ್ಕೂಲ್ ಹೆಸರಲ್ಲಿ ಒಂದ್ ಆಟ ಹಾಕ್ತೀನಿ, ಬಂದಿದ್ದು ನಿಮ್ಗೇ," ಎಂದು ಸಾಬರೇ ಮುಂದೆ ಬಂದರು. ಆ ವಾರ ಅವರ ಕೈಗೆ ಬಂದದ್ದು ಒಂದು ಹೊಸ ನಗೆಚಿತ್ರ. ಪ್ರೇಮದ ಕಥೆ.

ಪ್ರೇಮ ಎಂಬ ಮಾತು ಕೇಳಿದ್ದೇ ಹೆಡ್ ಮಾಸ್ಟರು ಶಾಮಣ್ಣನವರಿಗೆ ಬೆವರು ಕಿತ್ತುಕೊಂಡಿತು. "ಹದಿಮೂರು ದಾಟಿದ ಮಕ್ಕಳು ಒಲೆಯ ಮೇಲಿನ ಹಾಲಿದ್ದ ಹಾಗೆ. ನಾವು ಮೊದಲು ನೋಡಿ, ಯೋಗ್ಯವೋ ಅಲ್ಲವೋ ತೀರ್ಮಾನಿಸೋಣ," ಎಂದರು. ಹಾಗೆ ನಾವು ಮೂವರು ತೀರ್ಪುಗಾರರಾದೆವು: ಗೌಡರು, ಶಾಮಣ್ಣನವರು, ಹೆಣ್ಣುಮಕ್ಕಳ ಪರವಾಗಿ ನಾನು. ಊರಿಗೆ ಆ ಸಿನಿಮಾ ಹಾಕುವ ಹಿಂದಿನ ದಿನ, ಹೊತ್ತು ಮುಳುಗುತ್ತಿದ್ದ ಹಾಗೆ, ನಮಗೆ ಮಾತ್ರ ಹಾಕುವುದೆಂದಾಯಿತು. ಗೌಡರಿಗೆ ಚಾವಡಿಯಿಂದ ಕುರ್ಚಿ ಬಂತು. ಟೆಂಟಿನ ತೂತುಗಳಿಂದ ಉಳಿದ ಬೆಳಕು ಸೋರಿ, ಪರದೆಯ ಮೇಲಿನ ಚಿತ್ರಕ್ಕೆ ಮಜ್ಜಿಗೆ ಹುಯ್ದ ಹಾಗೆ ಕಾಣುತ್ತಿತ್ತು.

ಚಿತ್ರ ಸರಿಯಾಗಿ ಕಾಣದೆ ಶಾಮಣ್ಣನವರು ನನ್ನನ್ನೇ ಪಿಸುಗುಟ್ಟಿ ಕೇಳುತ್ತ ಪರೀಕ್ಷೆ ನಡೆಸಿದರು. "ಕೈ ಹಿಡಿದನೇ?"

"ಇಲ್ಲ ಸಾರ್, ಕೊಡೆ ಹಿಡಿದ."

"ಒಂದೇ ಕೊಡೆಯೇ?"

"ಎರಡು ಸಾರ್."

"ಹಾಗಾದರೆ ಪರವಾಗಿಲ್ಲ."

ಕಥೆಯ ನಾಯಕ ಗಡಿಯಾರ ರಿಪೇರಿ ಮಾಡುವವನು. ಎಲ್ಲಿಗೆ ಹೋದರೂ ತಡವಾಗಿಯೇ ಹೋಗುವವನು. ನಾಯಕಿ ಸೈಕಲ್ ಹೊಡೆಯುವ ಹುಡುಗಿ. ಗೌಡರು ಮೊದಮೊದಲು ಮೀಸೆಯಡಿಯಲ್ಲಿ ನಗುತ್ತಿದ್ದರು. ಒಂದು ಸಲ ತೊಡೆ ಚಪ್ಪರಿಸಿದ್ದನ್ನೂ ನಾನು ನೋಡಿದೆ.

ಆಮೇಲೆ ಬಂತು ಆ ರೀಲು. ನಾಯಕಿ ತನ್ನ ಇಬ್ಬರು ಗೆಳತಿಯರನ್ನು ಕಟ್ಟಿಕೊಂಡು ಹುಡುಗನ ಮನೆಗೆ ಹೋಗುತ್ತಾಳೆ. ಹೋದವಳು ಪಡಸಾಲೆಯ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂರುತ್ತಾಳೆ. ಹುಡುಗ ತಲೆ ತಗ್ಗಿಸಿ, ಉಪ್ಪಿಟ್ಟು ಕಾಫಿಯ ತಟ್ಟೆ ಹಿಡಿದು ಒಳಗಿನಿಂದ ಬರುತ್ತಾನೆ. ಹುಡುಗಿ ಕೇಳುತ್ತಾಳೆ: "ಎಲ್ಲಿ, ಸ್ವಲ್ಪ ನಡೆದು ತೋರಿಸಿ."

ಅದೇ ವರ್ಷ ನನ್ನನ್ನೂ ನೋಡಲು ಬಂದಿದ್ದರು. ಅದೇ ತಟ್ಟೆ, ಅದೇ ಉಪ್ಪಿಟ್ಟು, ಅದೇ ಮಾತು. ನಡೆದು ತೋರಿಸಿದ್ದೆ. ಹೀಗೆ ತಿರುಗಿಸಿಯೂ ನೋಡಬಹುದೇ ಇದನ್ನು? ಬೆಚ್ಚಿ ಕೂತೆ. ನಗು ಬಂತು; ಆ ನಗುವಿಗೂ ಹೆದರಿಕೆಯಾಯಿತು.

"ಥೂ! ಏನ್ಲಾ ಇದು ಅನಾಚಾರ!" ಎಂದು ಗೌಡರು ಎದ್ದೇಬಿಟ್ಟರು.

ಆ ಊರಿನಲ್ಲಿ ಒಂದು ರಿವಾಜಿತ್ತು. ಗೌಡರು ಎದ್ದ ಮೇಲೆ ಯಾರೂ ಕೂರುವಂತಿಲ್ಲ. ನ್ಯಾಯ ಹೇಳುವಾಗಲೂ ಅಷ್ಟೇ, ಊಟದ ಪಂಕ್ತಿಯಲ್ಲೂ ಅಷ್ಟೇ. ಕೈಯಲ್ಲಿ ಮುದ್ದೆಯ ತುತ್ತಿದ್ದರೂ ಏಳಬೇಕು. ಶಾಮಣ್ಣನವರು ಎದ್ದರು. ನಾನು ಎದ್ದೆ. ಖಾದರ್ ಸಾಬರು ಗೌಡರ ಹಿಂದೆಯೇ ಓಡಿದರು. ಖಾಲಿ ಟೆಂಟಿನಲ್ಲಿ ಸಿನಿಮಾ ತನ್ನ ಪಾಡಿಗೆ ತಾನು ಓಡುತ್ತಿತ್ತು. ಆಪರೇಟರ್ ಒಬ್ಬ ಉಳಿದ. ಆದರೆ ಅವನು ನೋಡುವುದು ಬೆಳಕಿಗಾಗಿ ಮೆಷಿನ್ನಿನಲ್ಲಿ ಉರಿಯುವ ಕಾರ್ಬನ್ ಕಡ್ಡಿಯನ್ನು, ಪರದೆಯನ್ನಲ್ಲ.

ಹೊರಗೆ ಸೋಡಾ ಕುಡಿದರೂ ಗೌಡರ ಬಿಸಿ ಆರಲಿಲ್ಲ. "ಎಣ್ಣು ಓಗಿ ಗಂಡ್ನ ನೋಡದು ಅಂದ್ರೇನು! ನಾಳೆ ನಮ್ಮನೆ ಉಡ್ಗೀರೂ ಕುರ್ಚಿ ಆಕ್ಕೊಂಡು ಕುಂತ್ಕತವೆ."

"ಕಾಮಿಡಿ ಗೌಡ್ರೇ, ನಗೋಕೆ ಮಾಡಿರೋದು," ಎಂದರು ಸಾಬರು.

"ನಗಾಕೆ ಇನ್ನೇನೂ ಸಿಕ್ನಿಲ್ವಾ?"

ಸಾಬರು ಕೈಮುಗಿದು, ಉಳಿದದ್ದನ್ನಾದರೂ ನೋಡಬೇಕೆಂದು ಬೇಡಿಕೊಂಡ ಮೇಲೆ ಗೌಡರು ಒಳಗೆ ಬಂದರು. ಅಷ್ಟರಲ್ಲಿ ಮುಂದಿನ ರೀಲು ಹಾಕಿಯಾಗಿತ್ತು. ಗಂಡಹೆಂಡತಿ ಒಂದು ಪುಟ್ಟ ಮನೆಯಲ್ಲಿ ಜಗಳವಾಡುತ್ತಿದ್ದರು, ತೊಟ್ಟಿಲಲ್ಲಿ ಮಗು ಅಳುತ್ತಿತ್ತು. ಕೊನೆಗೆ ಎಲ್ಲ ಸುಖವಾಯಿತು. ಗೌಡರ ಮುಖವೂ ಸಡಿಲವಾಯಿತು. ತೀರ್ಪು ಬಂತು: "ಕತೆ ಕೆಟ್ಟದ್ದಲ್ಲ. ಆ ಗಂಡು ನೋಡೋ ರೀಲು ಒಂದ ಬುಟ್ಬುಟ್ಟು ಮಿಕ್ಕಿದ್ದ ತೋರ್ಸಿ." ಶಾಮಣ್ಣನವರು ತಲೆದೂಗಿದರು. ನಾನೂ ತಲೆದೂಗಿದೆ. ಮಕ್ಕಳ ಆಟ ಮೊದಲು, ಊರಿನ ಆಟ ಆಮೇಲೆ ಎಂದು ನಿಶ್ಚಯವಾಯಿತು.

ಮಾರನೆಯ ಸಂಜೆ ಟೆಂಟು ತುಂಬ ಮಕ್ಕಳು. ಮರಳಿನ ಮೇಲೆ ಹುಡುಗರು ಒಂದು ಕಡೆ, ಹುಡುಗಿಯರು ಒಂದು ಕಡೆ, ನಡುವೆ ನಾನು. ಒಂದೇ ಮೆಷಿನ್ನಾದ್ದರಿಂದ ರೀಲು ಬದಲಿಸುವಾಗಲೆಲ್ಲ ದೀಪ ಹತ್ತುತ್ತಿತ್ತು. ಕೊಡೆಯ ಹಾಡು ಮುಗಿಯಿತು. "ನನ್ನನ್ನು ಮದುವೆಯಾಗುವುದೆಂದರೆ ಹುಡುಗಾಟವಲ್ಲ," ಎಂದು ನಾಯಕಿ ಸೈಕಲ್ ಏರಿ ಹೋದಳು. ದೀಪ ಹತ್ತಿತು, ಆರಿತು. ಪರದೆ ಬೆಳಗಿದಾಗ ಅದೇ ನಾಯಕಿ ತೊಟ್ಟಿಲು ತೂಗುತ್ತಿದ್ದಳು.

ಹುಡುಗರ ಕಡೆಯಿಂದ ಒಂದು ಸಿಳ್ಳೆ ಬಂತು. ಪಕ್ಕದಲ್ಲಿ ಕೂತಿದ್ದ ಸರೋಜ ನನ್ನ ಸೆರಗು ಜಗ್ಗಿ ಮೆಲ್ಲಗೆ ಕೇಳಿದಳು: "ಮೇಡಂ, ಇವ್ರಿಗೆ ಮದ್ವೆ ಯಾವಾಗಾಯ್ತು?"

ಮದುವೆ! ನಾವು ಮೂವರೂ ಆ ಮದುವೆಯನ್ನು ನೋಡಿರಲೇ ಇಲ್ಲ. ದೊಡ್ಡವರಲ್ಲವೇ, ತೊಟ್ಟಿಲು ಕಂಡರೆ ಮದುವೆಯಾಗಿದೆ ಎಂದುಕೊಂಡುಬಿಟ್ಟೆವು. ಮಕ್ಕಳು ಕಂಡಷ್ಟನ್ನೇ ಕಂಡರು. "ಆಗಿರುತ್ತೆ, ಸುಮ್ಮನೆ ನೋಡು," ಎಂದೆ. ನನ್ನ ದನಿ ನನಗೇ ಸುಳ್ಳು ಹೇಳಿದಂತೆ ಕೇಳಿಸಿತು.

ಮಕ್ಕಳು ಮನೆ ಸೇರಿದ್ದೇ ತಡ, ಊರು ಕಾದ ಬಾಣಲೆಯಾಯಿತು. ಊರಿನ ಆಟ ನಿಂತುಹೋಯಿತು. ಬೆಳಿಗ್ಗೆ ನಾನು ಬಾವಿಗೆ ಹೋದರೆ ಹಗ್ಗ ಹಿಡಿದ ಕೈಗಳೆಲ್ಲ ನಿಂತವು.

"ಮದ್ವೆನೇ ಇಲ್ದೆ ಮಗೀನ ತೂಗುದ್ಲಂತೆ ಕಣವ್ವಾ!"

"ಇಸ್ಕೂಲ್ನೋರೇ ಕೂರ್ಸಿ ತೋರ್ಸವ್ರೆ ಅಂದ್ಮೇಲೆ ಇನ್ಯಾರ್ಗೆ ಏಳದು?"

"ಗೌಡ್ರು ಮುಂಚೇನೇ ನೋಡಿ, ಸರಿ ಅಂದ್ರಂತೆ!"

ಈ ಕೊನೆಯ ಮಾತೇ ಗೌಡರನ್ನು ಇರಿದದ್ದು. ಅವರು ಜಗಲಿಯ ಮೇಲೆ ಗರ ಬಡಿದವರಂತೆ ಕೂತಿದ್ದರು. "ಮದ್ವೆ ಆಗಿತ್ತಲ್ರಲಾ," ಎಂದರೆ, "ತಾವು ಕಣ್ಣಾರೆ ನೋಡುದ್ರಾ ಗೌಡ್ರೇ?" ಎಂದು ಕೇಳುತ್ತಾರೆ. ನೋಡಿದ್ದರೆ ತಾನೇ? ಗೌಡರು ಸಾಬರಿಗೆ ಟೆಂಟು ಕೀಳಲು ಹೇಳಿ ಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಹೆಣ್ಣುಮಕ್ಕಳ ಬೆಂಚು ಖಾಲಿಯಾಯಿತು. ಸಂಜೆ ಮನೆಗೆ ಬಂದರೆ ಸರೋಜ ಹಿತ್ತಲಲ್ಲಿ ಬೂದಿ ಹಚ್ಚಿ ಪಾತ್ರೆ ತಿಕ್ಕುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಪಿರಿಯಾಪಟ್ಟಣದ ಕಡೆಯಿಂದ ನನ್ನ ನೋಡಾಕೆ ಬತ್ತವ್ರಂತೆ ಮೇಡಂ. ಅಪ್ಪಯ್ಯ ಏಳಿ ಕಳ್ಸುದ್ರು. ಒಪ್ಪುದ್ರೆ ಈ ತಿಂಗ್ಳಲ್ಲೇ ಮಾಡ್ಬುಡ್ತಾರಂತೆ."

"ಪರೀಕ್ಷೆ?"

ಅವಳು ಪಾತ್ರೆ ಇನ್ನೂ ಜೋರಾಗಿ ತಿಕ್ಕಿದಳು.

ಮಾರನೆಯ ಬೆಳಿಗ್ಗೆ ನಾನು ಟೆಂಟಿಗೆ ಓಡಿದೆ. ಖಾದರ್ ಸಾಬರು ಗೂಟ ಕೀಳಿಸುತ್ತಿದ್ದರು. ಆ ರೀಲನ್ನು ತೆಗೆಯಿರಿ ಎಂದೆ. ಇಬ್ಬರೂ ಬಿಸಿಲಿಗೆ ಬಂದು, ಡಬ್ಬಿ ತೆರೆದು, ಕೊನೆಯ ಕಡೆಯಿಂದ ಬಿಚ್ಚುತ್ತ ಸೂರ್ಯನಿಗೆ ಹಿಡಿದೆವು. ಬೆರಳಿನಷ್ಟು ಅಗಲದ ಚೌಕದೊಳಗೆ ಬಾಳೆಕಂದು, ಬಾಸಿಂಗ, ಅಕ್ಷತೆಗೆ ಎತ್ತಿದ ಕೈಗಳು. ಮುಂದಿನ ಚೌಕದಲ್ಲೂ ಅದೇ, ಅದರ ಮುಂದಿನದರಲ್ಲೂ ಅದೇ. ಮೊಳಗಟ್ಟಲೆ ಮದುವೆ! ಸಾಬರು, "ಯಾ ಅಲ್ಲಾ, ನಾವೇ ತಾಳಿ ಕಿತ್ತಿಟ್ಟಂಗಾಯ್ತಲ್ಲಮ್ಮಾ," ಎಂದು ಹಣೆ ಬಡಿದುಕೊಂಡರು.

ಅಲ್ಲಿಂದ ನೇರವಾಗಿ ಗೌಡರ ಮುಂದೆ ಹೋಗಿ ನಿಂತೆ. ಮದುವೆ ಅದೇ ರೀಲಿನಲ್ಲಿದೆ ಎಂದೆ. ಅವರು ನಂಬಲಿಲ್ಲ. ಊರಿನ ಮುಂದೆ ಮುಖ ಉಳಿಸಿಕೊಳ್ಳಲು ನಾನೊಂದು ಕತೆ ಕಟ್ಟಿ ತಂದಿದ್ದೇನೆ ಎಂದುಕೊಂಡರು. ನನಗೂ ರೇಗಿತು. ಬಾಯಿಂದ ಬಂದೇಬಿಟ್ಟಿತು: "ನೀವು ಅರ್ಧಕ್ಕೇ ಎದ್ದು ಬಂದಿರಿ ಗೌಡರೇ. ಅದಕ್ಕೇ ನಮಗೆ ಯಾರಿಗೂ ಮದುವೆ ಕಾಣಲಿಲ್ಲ."

ಆ ಮನೆಯಲ್ಲಿ ಅಂಥ ಮಾತನ್ನು ಯಾರೂ ಆಡಿರಲಿಲ್ಲ. ಈಗಲೇ ಗಂಟುಮೂಟೆ ಕಟ್ಟಬೇಕೇನೋ ಎಂದುಕೊಂಡೆ. ಒಳಗಿನಿಂದ ಗೌಡರ ತಾಯಿ ದೊಡ್ಡವ್ವ ಗೋಡೆ ಹಿಡಿದುಕೊಂಡು ಬಂದರು.

"ನಿಮ್ಮಪ್ಪನೂ ಇಂಗೇ ಕಣ್ಲಾ ನಂಜಾ. ಯಾವ್ದ ತಾನೇ ಪೂರ್ತಿ ಕೇಳೋನು? ಅರ್ದಕ್ಕೇ ಟವಲ್ ಕೊಡವ್ಕೊಂಡು ಎದ್ದೋಗೋನು. ಮೇಡಮ್ಮಾ, ಆ ಸಾಬ್ರಿಗೆ ಏಳು, ಆ ಒಂದ್ ಸುತ್ನ ನಮ್ಗೆ ತೋರುಸ್ಲಿ. ಮದ್ವೆ ಅದೋ ಇಲ್ವೋ ಎಂಗುಸ್ರು ನೋಡಿ ಏಳ್ತೀವಿ."

ತಾಯಿಯ ಮಾತಿಗೆ ಗೌಡರು ಇಲ್ಲವೆನ್ನಲಿಲ್ಲ.

ಆ ಸಂಜೆ, ಮತ್ತೆ ಗೂಟ ಬಡಿದು ನಿಲ್ಲಿಸಿದ ಟೆಂಟಿನಲ್ಲಿ ಬರೀ ಹೆಂಗಸರು. ದೊಡ್ಡವ್ವ ಮುಂದೆ, ಅವರ ಸುತ್ತ ಊರಿನ ತಾಯಂದಿರು. ಗೌಡರು ಹಿಂದಿನ ಕಂಬ ಹಿಡಿದು ನಿಂತಿದ್ದರು, ಕೂರುವುದಿಲ್ಲ ಎಂದಿದ್ದರು. ರೀಲು ಶುರುವಾಯಿತು. ಹುಡುಗಿ ಕುರ್ಚಿಯಲ್ಲಿ ಕೂತಳು. ಹೆಂಗಸರು ದಂಗಾಗಿ ಬಾಯಿಗೆ ಸೆರಗು ಒತ್ತಿಕೊಂಡರು. ಹುಡುಗ ತಟ್ಟೆ ತಂದ. ನಡೆದ. ಹಾಡಿದ. "ಕೂದಲು ನಿಮ್ಮದೇ ತಾನೇ?" ಎಂದು ಹುಡುಗಿ ಅವನ ಕ್ರಾಪು ಜಗ್ಗಿದಾಗ ಎಲ್ಲೋ ಮೂಲೆಯಲ್ಲಿ ಒಬ್ಬಳು ಕಿಸಕ್ಕೆಂದಳು. ಆಮೇಲೆ ಟೆಂಟೇ ನಕ್ಕಿತು. ಪರೀಕ್ಷೆಗೆಂದು ಅವಳು ಕೊಟ್ಟ ಸೂಜಿಗೆ ದಾರ ಪೋಣಿಸಲಾಗದೆ ಹುಡುಗ ಬೆವತಾಗ ಹೆಂಗಸರು ಮರಳಿನ ಮೇಲೆ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

ದೊಡ್ಡವ್ವ ಮಾತ್ರ ನಗಲಿಲ್ಲ. ಪರದೆಯನ್ನೇ ನೋಡುತ್ತ, ಪಕ್ಕದ ಮನೆಯವಳ ಜೊತೆ ಮಾತಾಡುವ ದನಿಯಲ್ಲೇ, ಜೋರಾಗಿ ಹೇಳಿದರು: "ನನ್ನೂ ಇಂಗೇ ನಡುಸುದ್ರು ಕಣವ್ವಾ. ಕುಂಟೇನೋ ಅಂತವ ಸೀರೆ ಮ್ಯಾಕೆತ್ಸಿ ಮೊಣಕಾಲ್ಗಂಟ ನೋಡುದ್ರು. ಬಾಯ್ ತೆಗ್ಸಿ ಅಲ್ಲು ಎಣುಸುದ್ರು. ಸಂತೇಲಿ ಅಸ ನೋಡ್ದಂಗೆ."

"ನಂಗೂ ಅಂಗೇ," ಎಂದರು ಯಾರೋ. "ನನ್ ಜಡೆ ಬಿಚ್ಸಿದ್ರು," ಎಂದರು ಇನ್ನೊಬ್ಬರು. ಕತ್ತಲಲ್ಲಿ ಯಾರ ಮುಖವೂ ಕಾಣುತ್ತಿರಲಿಲ್ಲ. ಅದಕ್ಕೇ ಇರಬೇಕು, ಮಾತುಗಳು ಬರುತ್ತಲೇ ಇದ್ದವು. ಪರದೆಯ ಮೇಲೆ ಓಲಗ ಊದಿ, ಧಾರೆ ಎರೆದು, ತಾಳಿ ಕಟ್ಟಿದ್ದನ್ನು ಅರ್ಧ ಜನ ನೋಡಲೇ ಇಲ್ಲ. ನಾನು ತಿರುಗಿ ಗೌಡರನ್ನು ನೋಡಿದೆ. ಅವರು ಮದುವೆಯನ್ನಲ್ಲ, ತಾಯಿಯ ಬೆನ್ನನ್ನು ನೋಡುತ್ತಿದ್ದರು. ಅರವತ್ತರ ಹತ್ತಿರದ ಆ ಮನುಷ್ಯನಿಗೆ ಆ ಮಾತನ್ನು ಯಾರೂ, ಎಂದೂ ಹೇಳಿರಲಿಲ್ಲವೆಂದು ಅವರ ಮುಖವೇ ಹೇಳುತ್ತಿತ್ತು.

ದೀಪ ಹತ್ತಿದ ಮೇಲೆ ದೊಡ್ಡವ್ವ ಸೆರಗು ಕೊಡವಿ, "ಮದ್ವೆ ಆಗ್ಯದೆ ಬುಡಿ, ಸಾಸ್ತ್ರವಾಗೇ ಆಗ್ಯದೆ," ಎಂದು ತೀರ್ಪು ಕೊಟ್ಟರು. ಊರಿನ ಸಿಟ್ಟು ಅಲ್ಲಿಗೆ ಇಳಿಯಿತು. ಮಾರನೆಯ ದಿನ ಹುಡುಗಿಯರು ಶಾಲೆಗೆ ಬಂದರು, ಸರೋಜಳೊಬ್ಬಳನ್ನು ಬಿಟ್ಟು. ಪಿರಿಯಾಪಟ್ಟಣದವರಿಗೆ ಮಾತು ಹೋಗಿಬಿಟ್ಟಿತ್ತು. ಬರುವವರನ್ನು ಬೇಡವೆನ್ನುವುದು ಆ ಮನೆತನದಲ್ಲಿ ಇಲ್ಲದ್ದು.

ಅವರು ಬಂದ ದಿನ ಸರೋಜಳಿಗೆ ಜಡೆ ಹಾಕಲು ದೊಡ್ಡವ್ವ ನನ್ನನ್ನೇ ಕರೆದರು. ಹುಡುಗಿಯ ಕತ್ತು ಕಲ್ಲಿನ ಹಾಗೆ ಬಿಗಿದಿತ್ತು. ನಡುಮನೆಯಲ್ಲಿ ಚಾಪೆ ತುಂಬ ನೆಂಟರು. ಹುಡುಗನ ಸೋದರಮಾವನದೇ ಯಜಮಾನಿಕೆ. ಹುಡುಗ ಬಿಳಿ ಷರಟು ತೊಟ್ಟು, ಒಂದು ಮೂಲೆಯಲ್ಲಿ ಉಗುರು ಕಚ್ಚುತ್ತ ಕೂತಿದ್ದ. ಉಪ್ಪಿಟ್ಟು ಹೋಯಿತು, ಕಾಫಿ ಹೋಯಿತು. ಸರೋಜ ಹೋಗಿ ನಮಸ್ಕಾರ ಮಾಡಿ ಒಳಗೆ ಬಂದಳು. ಸೋದರಮಾವ ಬಾಯಿ ಒರೆಸಿಕೊಂಡು ಹೇಳಿದ್ದು ಬಾಗಿಲ ಸಂದಿಯಲ್ಲಿ ನಮಗೆ ಕೇಳಿಸಿತು: "ಉಡ್ಗಿ ಲಕ್ಷಣವಾಗವ್ಳೆ. ಒಸಿ ಅತ್ತಿಂದಿತ್ತ ನಡ್ದು ತೋರುಸ್ಬುಡ್ಲಿ."

ಅದರ ಬೆನ್ನಿಗೇ ಗೌಡರ ದನಿ: "ನಡೀತಾಳೆ. ಮೊದ್ಲು ನಿಮ್ ಉಡ್ಗ ನಡೀಲಿ."

ಸಂದಿಯಲ್ಲಿ ಇಣುಕಿದೆ. ಸೋದರಮಾವನ ಬಾಯಿ ತೆರೆದಿತ್ತು. ನೆಂಟರ ಲೋಟಗಳು ಅರ್ಧ ದಾರಿಯಲ್ಲಿದ್ದವು. ಎಲ್ಲರಿಗಿಂತ ಬೆಪ್ಪಾಗಿದ್ದವರು ಗೌಡರೇ. ಆ ಮಾತು ಆಡಿದ್ದು ತಾನೇನಾ ಎಂಬಂತೆ ಅತ್ತಿತ್ತ ನೋಡುತ್ತಿದ್ದರು. ಆದರೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಪಾಪ, ಆ ಹುಡುಗ ಎದ್ದ. ಪಂಚೆ ಸರಿಮಾಡಿಕೊಂಡು ಬಾಗಿಲವರೆಗೆ ನಡೆದ. ತಿರುಗಿ ಬರುವಾಗ ಚಾಪೆಯ ಅಂಚು ಎಡವಿ, ಮಾವನ ತೊಡೆಯ ಮೇಲೆಯೇ ಕೂತುಬಿಟ್ಟ.

ಒಳಗಿನಿಂದ ಒಂದು ನಗು ಸಿಡಿಯಿತು. ತುಂಬಿದ ಕೊಡ ಒಡೆದ ಹಾಗೆ, ತಡೆಯೇ ಇಲ್ಲದ ನಗು. ಸರೋಜ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರೂ ಅದು ನಿಲ್ಲಲಿಲ್ಲ.

"ಯಾರ್ರೀ ಅದು ನಗ್ತಿರೋದು?" ಮಾವ ಗುಡುಗಿದ.

"ನನ್ ಮಗಳು," ಎಂದರು ಗೌಡರು.

"ಗಂಡ್ನ ನೋಡಿ ನಗೋ ಎಣ್ಣು ನಮ್ಗೆ ಬ್ಯಾಡ!"

ನೆಂಟರೆಲ್ಲ ದಡದಡ ಎದ್ದು ಎತ್ತಿನ ಗಾಡಿ ಏರಿ ಹೊರಟೇಹೋದರು. ಹುಡುಗ ಮಾತ್ರ ಗಾಡಿಯ ಹಿಂದೆ ಕೂತು, ನಗುತ್ತ, ಈ ಮನೆಯನ್ನೇ ತಿರುಗಿ ನೋಡುತ್ತಿದ್ದನಂತೆ. ಗೌಡರು ಮಗಳನ್ನು ಕರೆದರು. ಅವಳು ಬಂದು ಕಂಬದ ಮರೆಯಲ್ಲಿ ನಿಂತಳು. ಏಟು ಬೀಳುತ್ತದೆಂದೇ ನಾನೂ ಹಿಂದೆ ಹೋಗಿ ನಿಂತೆ. ಗೌಡರು ಮುದುರಿದ್ದ ಚಾಪೆಯ ಅಂಚನ್ನು ಕಾಲಿನಿಂದ ಸರಿಮಾಡಿದರು.

"ನಾಳಿಂದ ಇಸ್ಕೂಲ್ಗೋಗು. ಪರೀಕ್ಷೆ ಬರಿ. ಟ್ರೈನಿಂಗೂ ಆಗ್ಲಿ. ಗಂಡು ನೋಡ ಮಾತು ಆಮ್ಯಾಲೆ."

ಸರೋಜ ಕಣ್ಣೊರೆಸಿಕೊಂಡಳು. ಇನ್ನು ಸುಮ್ಮನೆ ಒಳಗೆ ಹೋಗುತ್ತಾಳೆ ಎಂದುಕೊಂಡರೆ, ನಿಂತಲ್ಲೇ ಕೇಳಿದಳು: "ಆಮ್ಯಾಲೆ ಅಂದ್ರೆ, ಅವ್ರು ನನ್ನ ನೋಡದಾ ಅಪ್ಪಯ್ಯ, ನಾನು ಅವ್ರ ನೋಡದಾ?"

ಗೌಡರು ಮಗಳನ್ನು ನೋಡಿದರು. ಆಮೇಲೆ ನನ್ನನ್ನು. "ಇದ್ನೂ ನೀವೇ ಕಲ್ಸುದ್ರಾ ಮೇಡಮ್ಮೋರೇ?"

"ಇಲ್ಲ ಗೌಡರೇ," ಎಂದೆ. ದೇವರಾಣೆಗೂ ಕಲಿಸಿರಲಿಲ್ಲ. ಅವರಷ್ಟೇ ನಾನೂ ಬೆಚ್ಚಿಬಿದ್ದು ನಿಂತಿದ್ದೆ.